ಚಿನ್ನ ಮಾರುವವರೇ ಈ ಗಣಿ ಬೇಡ ಎಂದಿದ್ದು ಯಾಕೆ? ಅಲಾಸ್ಕಾದ ಪೆಬಲ್ ಗಣಿ ಮತ್ತು ಸಾಲ್ಮನ್ ಮೀನು

ಕಾಫಿ_ಘಮ (ಹಾಸನ)
ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆಗೆ ಒಡವೆ ನೋಡುತ್ತಾ ಕುಳಿತಿದ್ದೆ. ನಾವು ಕೊಳ್ಳುವ ಚಿನ್ನ ಯಾವ ನೆಲದಿಂದ ಬರುತ್ತದೆ ಎಂದು ಸುಮ್ನೆ ಓದಲು ಶುರುಮಾಡಿದೆ. ಓದುತ್ತಾ ಓದುತ್ತಾ ಅಲಾಸ್ಕಾದ ಬ್ರಿಸ್ಟಲ್ ಬೇ ಎಂಬ ಜಾಗಕ್ಕೆ ಬಂದು ನಿಂತೆ. ಮೂರು ದಿನದಿಂದ ಅದೇ ತಲೆಯಲ್ಲಿದೆ.

ವಿಷಯ ಹೀಗಿದೆ. ಅಲ್ಲಿ ಪೆಬಲ್ ಎಂಬ ಕಡೆ ನೆಲದಡಿ ತಾಮ್ರ, ಚಿನ್ನ, ಮಾಲಿಬ್ಡಿನಂ ಎಂಬ ಲೋಹ ರಾಶಿ ಇದೆ. 1980ರ ದಶಕದ ಕೊನೆಯಲ್ಲೇ ಇದು ಗೊತ್ತಾಯಿತು. 2001ರಿಂದ ಕೆನಡಾದ ನಾರ್ದರ್ನ್ ಡೈನಾಸ್ಟಿ ಕಂಪನಿ ಅದರ ಹಿಂದೆ ಬಿದ್ದಿದೆ. ಆದರೆ ಅದೇ ಜಾಗದಿಂದ ನುಶಗಾಕ್, ಕ್ವಿಜಾಕ್ ಎಂಬ ಎರಡು ದೊಡ್ಡ ನದಿಗಳಿಗೆ ನೀರು ಹರಿಯುತ್ತದೆ. ಪ್ರತಿ ಬೇಸಿಗೆ ಕೋಟಿಗಟ್ಟಲೆ ಸಾಕೈ ಸಾಲ್ಮನ್ ಮೀನು ಸಮುದ್ರದಿಂದ ಆ ಸೀಮೆಯ ನದಿಗಳಿಗೆ ಹತ್ತಿ ಬರುತ್ತದೆ. ಜಗತ್ತಿನ ಸಾಕೈ ಸಾಲ್ಮನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬ್ರಿಸ್ಟಲ್ ಬೇಯದು.

2008ರಲ್ಲಿ ಟಿಫಾನಿ ಮತ್ತು ಇನ್ನು ಕೆಲವು ಒಡವೆ ಕಂಪನಿಗಳು ಒಂದು ಮಾತು ಕೊಟ್ಟವು. ಈ ಗಣಿ ಶುರುವಾದರೂ ಅದರ ಚಿನ್ನ ನಾವು ಮುಟ್ಟುವುದಿಲ್ಲ ಎಂದು. ಆಮೇಲೆ 100ಕ್ಕೂ ಹೆಚ್ಚು ಒಡವೆ ವ್ಯಾಪಾರಿಗಳು ಸೇರಿಕೊಂಡರು. ಚಿನ್ನ ಜಾಸ್ತಿ ಸಿಕ್ಕಷ್ಟೂ ಅವರಿಗೆ ಒಳ್ಳೆಯದು ಅಲ್ವಾ? ಮನಸಾರೆ ಹೇಳಿದ್ದಾ, ಹೆಸರಿಗೆ ಹೇಳಿದ್ದಾ? ತಿಳಿದವರು ಬರೆಯಿರಿ.

ಲೆಕ್ಕಾಚಾರ
ಹೆಸರಿಗೆ. ಇನ್ನೂ ತೋಡದ ಗಣಿಯ ಚಿನ್ನ ಬೇಡ ಎನ್ನಲು ಒಂದು ಪೈಸೆ ಖರ್ಚಿಲ್ಲ. ಬೇರೆ ಗಣಿಯ ಚಿನ್ನ ಕೊಂಡರೆ ಆಯಿತು. ಮದುವೆ ಉಂಗುರ ಮಾರುವವರಿಗೆ ಹೆಸರೇ ಬಂಡವಾಳ. ಉಂಗುರದ ಹಿಂದೆ ಸತ್ತ ಮೀನಿನ ಚಿತ್ರ ಬಂದರೆ ವ್ಯಾಪಾರ ಹಾಳಾಗುತ್ತದೆ. ಅಷ್ಟೇ.

ಕಾಫಿ_ಘಮ (ಹಾಸನ)
ಹೆಸರಿಗಾಗಿಯೇ ಇರಲಿ ಸರ್. ಅದರಿಂದ ನದಿ ಉಳಿದರೆ ತಪ್ಪೇನು?

ಲೆಕ್ಕಾಚಾರ
ತಪ್ಪು ಎನ್ನಲಿಲ್ಲ. ತ್ಯಾಗ ಎಂದು ಕರೆಯಬೇಡಿ ಎಂದೆ.

ಮಳೆ_ಸಿಯಾಟಲ್
ನಾನು ಸಿಯಾಟಲ್ ಹತ್ತಿರ 14 ವರ್ಷದಿಂದ ಇದ್ದೇನೆ. ಊರು ತೀರ್ಥಹಳ್ಳಿ. ಒಡವೆಯವರ ಮಾತಿಗೆ ಆಮೇಲೆ ಬರೋಣ. ಈ ಹೋರಾಟವನ್ನು ಹೊತ್ತವರು ಮೀನಿನ ವ್ಯಾಪಾರದವರು. ಅದನ್ನು ಬಿಟ್ಟರೆ ಕಥೆ ಅರ್ಥ ಆಗುವುದಿಲ್ಲ.

ನಮ್ಮ ಪಕ್ಕದ ಮನೆಯವರು ಪ್ರತಿ ವರ್ಷ ಜೂನ್ ಮೊದಲ ವಾರ ನಾಕ್‌ನೆಕ್ ಊರಿಗೆ ಹೊರಡುತ್ತಾರೆ. ಅದು ಬ್ರಿಸ್ಟಲ್ ಬೇ ದಡದ ಸಣ್ಣ ಊರು. ಅವರ ದೋಣಿ ಚಳಿಗಾಲವಿಡೀ ಅಲ್ಲೇ ದಡದ ಮೇಲೆ ಇರುತ್ತದೆ. ದೋಣಿಯ ಉದ್ದ 32 ಅಡಿ. ಅದಕ್ಕಿಂತ ಉದ್ದದ ದೋಣಿಗೆ ಅಲ್ಲಿ ಅವಕಾಶವೇ ಇಲ್ಲ. 1951ರವರೆಗೆ ಮೋಟಾರ್ ದೋಣಿಯೂ ಇರಲಿಲ್ಲ, ಹಾಯಿ ಕಟ್ಟಿಕೊಂಡೇ ಹಿಡಿಯಬೇಕಿತ್ತು. ಕೆಲಸ ಸುಮಾರು ಆರು ವಾರ. ಜುಲೈ ಮೊದಲ ಎರಡು ವಾರ ನಿದ್ದೆ ಎಂಬುದಿಲ್ಲ. ಬಲೆ ಎಳೆದು ಎಳೆದು ಬೆರಳು ಊದಿ ಮಡಚಲು ಬರುವುದಿಲ್ಲ ಎನ್ನುತ್ತಾರೆ. ಅವರ ಮಗಳು 16ನೇ ವಯಸ್ಸಿನಿಂದಲೂ ದೋಣಿಯಲ್ಲಿ ಕೆಲಸ ಮಾಡಿ ಕಾಲೇಜು ಫೀಸು ಕಟ್ಟಿದಳು.

ಇವರೆಲ್ಲ ಸಣ್ಣ ವ್ಯಾಪಾರಿಗಳು. ಮೀನು ಹಿಡಿಯುವ ಪರ್ಮಿಟ್‌ಗೆ, ದೋಣಿಗೆ ಸಾಲ ತೆಗೆದವರು. ಹೊಸ ಪರ್ಮಿಟ್ ಸರ್ಕಾರ ಕೊಡುವುದಿಲ್ಲ, ಇರುವವರ ಹತ್ತಿರ ಕೊಳ್ಳಬೇಕು. ನದಿ ಕೆಟ್ಟಿತು ಎಂಬ ಸುದ್ದಿ ಬಂದರೆ ಆ ಪರ್ಮಿಟ್ ಕಾಗದಕ್ಕೆ ಬೆಲೆ ಇಲ್ಲ. ಅದಕ್ಕೇ ಅವರು 20 ವರ್ಷ ಬಿಡದೆ ವಾಷಿಂಗ್ಟನ್‌ಗೆ ಓಡಾಡಿದ್ದು.

ಕಡಲತಡಿ (ಮಲ್ಪೆ)
ಮಾರಾಯ್ರೆ, 32 ಅಡಿ ಎಂದರೆ ನಮ್ಮ ನಾಡದೋಣಿಗಿಂತ ಭಾರಿ ದೊಡ್ಡದೇನಲ್ಲ. ಬಲೆ ಯಾವ ಬಗೆ?

ಮಳೆ_ಸಿಯಾಟಲ್
ಗಿಲ್‌ನೆಟ್. ಮೀನು ತಲೆ ತೂರಿಸಿ ಕಿವಿರಿನಲ್ಲಿ ಸಿಕ್ಕಿಕೊಳ್ಳುವ ಬಲೆ. ದೋಣಿಯವರಿಗೆ ಸುಮಾರು 270 ಮೀಟರ್ ಉದ್ದದ ಬಲೆಗೆ ಮಾತ್ರ ಅನುಮತಿ. ದಡಕ್ಕೆ ಕಟ್ಟಿ ಹಿಡಿಯುವವರೂ ಇದ್ದಾರೆ. ಅದರಲ್ಲಿ ಸ್ಥಳೀಯ ಹೆಂಗಸರು ಬಹಳ.

ಕಡಲತಡಿ (ಮಲ್ಪೆ)
ಹಾಗಾದರೆ ಮೀನು ಮುಗಿಯುವುದಿಲ್ಲವಾ? ಇಲ್ಲಿ ನಮ್ಮ ಅಜ್ಜನ ಕಾಲದ, ದಡದಿಂದ ಎಳೆಯುವ ರಂಪಣಿ ಬಲೆ 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ಹೆಚ್ಚುಕಡಿಮೆ ಮುಗಿದೇ ಹೋಯಿತು. ಈಗ ಜೂನ್, ಜುಲೈ 61 ದಿನ ಬೋಟು ಕಟ್ಟಿ ಕೂರುತ್ತೇವೆ. ಆದರೂ ಬಂಗುಡೆ ಒಂದು ವರ್ಷ ಉಂಟು, ಒಂದು ವರ್ಷ ಇಲ್ಲ.

ಮಳೆ_ಸಿಯಾಟಲ್
ಅಲ್ಲಿ ಮೊದಲ ಪಾಲು ನದಿಗೆ. ನದಿಯ ದಂಡೆಯಲ್ಲಿ ಅಟ್ಟಣಿಗೆ ಕಟ್ಟಿ ಸರ್ಕಾರದ ಜನ ಕೂರುತ್ತಾರೆ. ಗಂಟೆಗೆ 10 ನಿಮಿಷದಂತೆ ಹಗಲೂ ರಾತ್ರಿ ಕೆಳಗೆ ಹಾದುಹೋಗುವ ಮೀನು ಎಣಿಸುತ್ತಾರೆ. ಮೊಟ್ಟೆ ಇಡಲು ಬೇಕಾದಷ್ಟು ಮೀನು ಮೇಲೆ ಹೋಗುತ್ತಿದೆ ಎಂದು ಖಾತ್ರಿ ಆದ ಮೇಲೆಯೇ ಬಲೆ ಬಿಡಲು ರೇಡಿಯೋದಲ್ಲಿ ಹೇಳುವುದು. 1880ರ ದಶಕದಿಂದ ಹಿಡಿಯುತ್ತಿದ್ದಾರೆ. ಆದರೂ 2022ರಲ್ಲಿ ದಾಖಲೆ ಆಯಿತು. ಸುಮಾರು 7 ಕೋಟಿ 90 ಲಕ್ಷ ಸಾಕೈ ಬಂತು, ಅದರಲ್ಲಿ 6 ಕೋಟಿಯಷ್ಟು ಹಿಡಿದರು. ಸಾಕಿದ್ದಲ್ಲ, ಮೇವು ಹಾಕಿದ್ದಲ್ಲ. ಕೆರೆ, ಹಳ್ಳ, ಜಲ್ಲಿಕಲ್ಲು ಚೆನ್ನಾಗಿದ್ದರೆ ಸಾಕು, ತಾನಾಗಿ ಬರುತ್ತದೆ.

ಕಡಲತಡಿ (ಮಲ್ಪೆ)
ಮೊದಲು ಮೀನಿಗೆ, ಆಮೇಲೆ ದೋಣಿಗೆ. ಇದನ್ನು ನಮ್ಮ ಬಂದರಿನಲ್ಲಿ ಹೇಳಬೇಕು.

ಶರಾವತಿ_ಪಾತ್ರ
ಒಂದು ಸಂದೇಹ. ಶೃಂಗೇರಿಯಲ್ಲಿ ತುಂಗೆಯ ಮೀನು ವರ್ಷವಿಡೀ ಅಲ್ಲೇ ಇರುತ್ತವಲ್ಲ, ಈ ಸಾಲ್ಮನ್ ಕೂಡ ವರ್ಷ ವರ್ಷ ಬಂದು ಮೊಟ್ಟೆ ಇಟ್ಟು ಮತ್ತೆ ಸಮುದ್ರಕ್ಕೆ ಹೋಗುತ್ತದಾ?

ಮಳೆ_ಸಿಯಾಟಲ್
ಇಲ್ಲ, ಒಂದೇ ಸಲ. ಮೊಟ್ಟೆಯೊಡೆದ ಮರಿ ಒಂದೆರಡು ವರ್ಷ ಸಿಹಿನೀರಿನ ಸರೋವರದಲ್ಲಿ ಬೆಳೆಯುತ್ತದೆ. ಆಮೇಲೆ ಎರಡು ಮೂರು ವರ್ಷ ಸಮುದ್ರ. ಕೊನೆಗೆ ತಾನು ಹುಟ್ಟಿದ ನೀರಿನ ವಾಸನೆ ಹಿಡಿದು ವಾಪಸ್ ಬರುತ್ತದೆ. ನದಿಗೆ ಬಂದ ಮೇಲೆ ಆಹಾರ ಮುಟ್ಟುವುದಿಲ್ಲ. ಮೈ ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಕರಡಿ, ಹದ್ದು ತಿಂದು ಉಳಿದದ್ದು ಕೊಳೆತು ನೀರಿಗೆ ಸೇರುತ್ತದೆ. ಮುಂದಿನ ಮರಿಗಳಿಗೆ ಅದೇ ಗೊಬ್ಬರ.

ಇಲ್ಲೇ ತಾಮ್ರದ ತೊಂದರೆ ಇರುವುದು. ನೀರಿನಲ್ಲಿ ಕರಗಿದ ತಾಮ್ರ ನೂರು ಕೋಟಿ ಪಾಲಿಗೆ ಕೆಲವೇ ಪಾಲು ಹೆಚ್ಚಾದರೂ ಸಾಲ್ಮನ್‌ನ ಮೂಗು ಕೆಡುತ್ತದೆ. ಮೀನು ಸಾಯಬೇಕಿಲ್ಲ. ದಾರಿ ತಪ್ಪಿದರೆ ಸಾಕು.

ಗಣಿ_ಇಂಜಿನಿಯರ್ (ಸಂಡೂರು)
ನಾನು ಇನ್ನೊಂದು ಬದಿಯಿಂದ ಮಾತಾಡುತ್ತೇನೆ, ಕೋಪ ಬೇಡ. 22 ವರ್ಷ ಗಣಿಗಳಲ್ಲಿ ಕೆಲಸ ಮಾಡಿದ್ದೇನೆ. ಇಲ್ಲಿ ಬರೆಯುತ್ತಿರುವ ಎಲ್ಲರ ಕೈಯಲ್ಲೂ ಫೋನ್ ಇದೆ, ಅದರಲ್ಲಿ ತಾಮ್ರ ಇದೆ. ಎಲೆಕ್ಟ್ರಿಕ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಎಷ್ಟೋ ಜಾಸ್ತಿ ತಾಮ್ರ ಬೇಕು. ಗಾಳಿಯಂತ್ರ, ಸೋಲಾರ್, ತಂತಿ, ಎಲ್ಲಕ್ಕೂ ಬೇಕು. ಪೆಬಲ್ ಜಗತ್ತಿನಲ್ಲೇ ಅತಿ ದೊಡ್ಡ ನಿಕ್ಷೇಪಗಳಲ್ಲಿ ಒಂದು. ಶ್ರೀಮಂತ ದೇಶ ತನ್ನ ನೆಲದಲ್ಲಿ ಬೇಡ ಎಂದರೆ ಆ ಗಣಿ ಬಡ ದೇಶದಲ್ಲಿ ಆಗುತ್ತದೆ. ಅಲ್ಲಿ ಕಾನೂನು ಇನ್ನೂ ಸಡಿಲ. ಅದು ನ್ಯಾಯವಾ?

ಇನ್ನೊಂದು ಮಾತು. ಗಣಿ ಜಾಗದ ಹತ್ತಿರದ ಹಳ್ಳಿಗಳಲ್ಲಿ ವರ್ಷಪೂರ್ತಿ ಸಿಗುವ ಕೆಲಸ ಇಲ್ಲ. ಇಲಿಯಮ್ನಾ ಕಡೆಯ ಕೆಲವು ಸ್ಥಳೀಯ ಕಂಪನಿಗಳೇ ಗಣಿ ಪರ ನಿಂತಿವೆ. ಅವರ ಮಾತೂ ಕೇಳಬೇಕು ಅಲ್ವಾ?

ಕೋಲಾರ_ಕಲ್ಲು
ಕೋಲಾರದಲ್ಲಿ ಹುಟ್ಟಿದವನು ನಾನು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ದಿಬ್ಬ ಇನ್ನೂ ನಿಂತಿದೆ. ಗಾಳಿ ಬಂದರೆ ಧೂಳು ಮನೆಗೆ. ಪೆಬಲ್‌ನಲ್ಲೂ ಅದೇ ಸಯನೈಡ್ ಸುರಿಯುತ್ತಾರೆ. ಅದೊಂದೇ ಸಾಕು, ಬೇಡ ಎನ್ನಲು.

ಗಣಿ_ಇಂಜಿನಿಯರ್ (ಸಂಡೂರು)
ನಿಮ್ಮ ಊರಿನ ನೋವು ಸುಳ್ಳಲ್ಲ ಸರ್. ಆದರೆ ಒಂದು ತಿದ್ದುಪಡಿ. 2017ರ ಪೆಬಲ್ ಯೋಜನೆಯಲ್ಲಿ ಸಯನೈಡ್ ಬಿಟ್ಟಿದ್ದರು. ಅದಿರನ್ನು ಅರೆದು ಪುಡಿ ಮಾಡಿ ಬೇರೆ ಕಡೆಗೆ ಸಾಗಿಸುವ ಯೋಜನೆ ಅದು. ಅಲ್ಲಿಯ ನಿಜವಾದ ತೊಂದರೆ ಗಂಧಕ. ಅದಿರಿನ ಕಲ್ಲಿನಲ್ಲಿ ಗಂಧಕ ಇದೆ. ಗಾಳಿ, ನೀರು ತಾಗಿದರೆ ಆಮ್ಲ ಆಗುತ್ತದೆ. ಆಮ್ಲ ತಾಮ್ರವನ್ನು ಕರಗಿಸಿ ಹಳ್ಳಕ್ಕೆ ತರುತ್ತದೆ. ಅದನ್ನು ತಡೆಯುವ ವಿಧಾನಗಳು ಇವೆ.

ಮಳೆ_ಸಿಯಾಟಲ್
ವಿಧಾನ ಇವೆ ಸರ್. ಎಷ್ಟು ವರ್ಷದವರೆಗೆ? ಅದಿರು ತೆಗೆದ ಮೇಲೆ ಉಳಿಯುವ ಹೂಳು ಗಣಿ ಮುಗಿದ ಮೇಲೂ ಅಲ್ಲೇ ಕೂರಬೇಕು, ನೀರನ್ನು ಶುದ್ಧ ಮಾಡುತ್ತಲೇ ಇರಬೇಕು. ಕಂಪನಿ ಇಲ್ಲದ ಕಾಲಕ್ಕೆ ಯಾರು ಮಾಡುತ್ತಾರೆ?

2014ರ ಆಗಸ್ಟ್ 4 ನೆನಪಿಡಿ. ಪಕ್ಕದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೌಂಟ್ ಪಾಲಿ ಗಣಿಯ ಹೂಳಿನ ಕಟ್ಟೆ ಒಡೆಯಿತು. ಅದೂ ತಾಮ್ರ, ಚಿನ್ನದ ಗಣಿ. ಸುಮಾರು 2.5 ಕೋಟಿ ಘನ ಮೀಟರ್ ನೀರು, ಕೆಸರು ಹರಿದು ಕ್ವೆನೆಲ್ ಸರೋವರ ಸೇರಿತು. ಅದು ಫ್ರೇಸರ್ ನದಿಯ ಸಾಕೈ ಬೆಳೆಯುವ ಸರೋವರ. ಬಡ ದೇಶ ಅಲ್ಲ, ಕೆನಡಾ. 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಇಂಥದೇ ಕಟ್ಟೆ ಒಡೆದು 270 ಜನ ಸತ್ತರು.

ಗಣಿ_ಇಂಜಿನಿಯರ್ (ಸಂಡೂರು)
ಮೌಂಟ್ ಪಾಲಿ ನಮ್ಮ ವೃತ್ತಿಗೆ ದೊಡ್ಡ ಪೆಟ್ಟು, ಒಪ್ಪುತ್ತೇನೆ. ಕಟ್ಟೆಯ ತಳದಲ್ಲಿದ್ದ ಮೆತ್ತನೆ ಮಣ್ಣಿನ ಪದರವನ್ನು ಸರಿಯಾಗಿ ನೋಡಿರಲಿಲ್ಲ. ಒಣ ಜಾಗದಲ್ಲಿ ಗಣಿ ಮಾಡುವುದಕ್ಕೂ ಪೆಬಲ್‌ನಂಥ ಒದ್ದೆ ನೆಲದಲ್ಲಿ ಮಾಡುವುದಕ್ಕೂ ವ್ಯತ್ಯಾಸ ಇದೆ. ಆ ಜಾಗ ಕಷ್ಟದ ಜಾಗ. ಇಷ್ಟು ಒಪ್ಪುತ್ತೇನೆ. ತಾಮ್ರ ಬೇಕು ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ.

ಲೆಕ್ಕಾಚಾರ
ದೊಡ್ಡ ಗಣಿ ಕಂಪನಿಗಳು ಏನು ಮಾಡಿದವು ನೋಡಿ. ನನಗೆ ಅದೇ ಮುಖ್ಯ ಸಾಕ್ಷಿ. ಮಿತ್ಸುಬಿಷಿ 2011ರಲ್ಲಿ ತನ್ನ ಪಾಲು ಮಾರಿತು. ಆಂಗ್ಲೋ ಅಮೆರಿಕನ್ 50 ಕೋಟಿ ಡಾಲರಿಗೂ ಹೆಚ್ಚು ಸುರಿದು 2013ರಲ್ಲಿ ಕೈಬಿಟ್ಟಿತು. ರಿಯೋ ಟಿಂಟೋ 2014ರಲ್ಲಿ ತನ್ನ ಷೇರನ್ನು ಮಾರಲಿಲ್ಲ, ಅಲಾಸ್ಕಾದ ಎರಡು ಸೇವಾ ಸಂಸ್ಥೆಗಳಿಗೆ ದಾನ ಕೊಟ್ಟು ಹೋಯಿತು. ಫಸ್ಟ್ ಕ್ವಾಂಟಮ್ 2017ರ ಕೊನೆಯಲ್ಲಿ ಕೈ ಹಾಕಿ 2018ರ ಮೇ ಹೊತ್ತಿಗೆ ಹೊರಬಂತು. ಗಣಿ ಬಲ್ಲವರೇ ಹಿಂದೆ ಸರಿದರು. ಹಣ ಹಾಕುವವನು ಇದನ್ನು ನೋಡಬೇಕು, ಟಿಫಾನಿಯ ಜಾಹೀರಾತನ್ನಲ್ಲ.

ಕಾಫಿ_ಘಮ (ಹಾಸನ)
ಆದರೆ ಅವು ಯಾಕೆ ಸರಿದವು ಸರ್? ಒಳಗೆ ಚಿನ್ನ ಕಡಿಮೆ ಇತ್ತಾ? ಇಲ್ಲ ಅಲ್ವಾ. ಮೀನುಗಾರರು, ಒಡವೆಯವರು, ಅಲ್ಲಿಯ ಮೂಲನಿವಾಸಿಗಳು ಸೇರಿ ಗಲಾಟೆ ಮಾಡಿದ್ದಕ್ಕೇ ಅನುಮತಿ ಕಷ್ಟ ಆಯಿತು, ಹೆಸರು ಕೆಟ್ಟಿತು. ನೀವು ಹೇಳುವ ಸಾಕ್ಷಿ ಬಂದದ್ದೇ ಈ ವಿರೋಧದಿಂದ.

ಲೆಕ್ಕಾಚಾರ
ಅರ್ಧ ಒಪ್ಪಿದೆ. ಖರ್ಚು, ರಸ್ತೆ, ವಿದ್ಯುತ್ ಇಲ್ಲದ ಜಾಗ, ಅವೂ ಕಾರಣ.

ಒರೆಗಲ್ಲು (ಬೆಂಗಳೂರು)
ನಾನು ಅಕ್ಕಸಾಲಿಗ, ಮೂರನೇ ತಲೆಮಾರು. ಚಿಕ್ಕಪೇಟೆಯಲ್ಲಿ ಕೆಲಸ. ಟಿಫಾನಿಯವರ ಮಾತು ಕಷ್ಟದ ಮಾತು ಎಂದು ಹೇಳಲು ಬಂದೆ.

ಚಿನ್ನ ಕರಗಿತು ಎಂದರೆ ಅದರ ಊರು ಅಳಿಸಿಹೋಯಿತು. ನನ್ನ ಕುಲುಮೆಯಲ್ಲಿ ಒಂದೇ ದಿನ ಯಾರದೋ ಅಜ್ಜಿಯ ಬಳೆ, ಯಾರದೋ ಹೊಸ ಗಟ್ಟಿ, ಎರಡೂ ಒಂದಾಗುತ್ತವೆ. ಹಾಲ್‌ಮಾರ್ಕ್ ಹೇಳುವುದು ಶುದ್ಧತೆ ಮಾತ್ರ. 916 ಎಂದರೆ 22 ಕ್ಯಾರೆಟ್. 2021ರಿಂದ ಬಂದ ಹೆಚ್‌ಯುಐಡಿ ಎಂಬ ಆರು ಅಕ್ಷರದ ಗುರುತು ಯಾವ ಅಂಗಡಿ, ಯಾವ ಪರೀಕ್ಷಾ ಕೇಂದ್ರ ಎಂದು ಹೇಳುತ್ತದೆ. ಯಾವ ಗಣಿ ಎಂದು ಹೇಳುವುದಿಲ್ಲ. ಹಾಗಿರುವಾಗ ಇಂಥ ಗಣಿಯದು ನನಗೆ ಬೇಡ ಎನ್ನಬೇಕಾದರೆ ಅವರು ಗಣಿಯಿಂದ ತಮ್ಮ ಕಾರ್ಖಾನೆವರೆಗೆ ದಾರಿ ಕಾಯಬೇಕು. ಅದಕ್ಕೆ ಖರ್ಚು ಇದೆ. ಲೆಕ್ಕಾಚಾರ ಅವರು ಪೈಸೆ ಖರ್ಚಿಲ್ಲ ಎಂದದ್ದು ನನಗೆ ಸರಿ ಕಾಣಲಿಲ್ಲ.

ಲೆಕ್ಕಾಚಾರ
ಈ ವಿಷಯ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಥ್ಯಾಂಕ್ಸ್ ಸರ್.

ಮಳೆ_ಸಿಯಾಟಲ್
ಟಿಫಾನಿ ಬಗ್ಗೆ ಇನ್ನೊಂದು. ಇದು ಅವರ ಮೊದಲ ಜಗಳ ಅಲ್ಲ. 2004ರಲ್ಲೇ ಮೈಕೆಲ್ ಕೊವಾಲ್‌ಸ್ಕಿ ಮುಖ್ಯಸ್ಥರಾಗಿದ್ದಾಗ ಮೊಂಟಾನಾದ ರಾಕ್ ಕ್ರೀಕ್ ಗಣಿಗೆ ವಿರೋಧವಾಗಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಬಹಿರಂಗ ಪತ್ರ ಹಾಕಿಸಿದ್ದರು. ಗಣಿ ಕಂಪನಿಗಳು ಆಗ ಸಿಟ್ಟಾಗಿದ್ದವು.

ಬರೀ ಒಡವೆಯವರೂ ಅಲ್ಲ. ಗಾಳದ ಸಾಮಾನು ಮಾರುವ ಆರ್ವಿಸ್, ಬಾಸ್ ಪ್ರೋ ಶಾಪ್ಸ್ ವಿರೋಧಿಸಿದವು. ನದಿ ದಂಡೆಯಲ್ಲಿ ಗಾಳದ ಪ್ರವಾಸಿಗರಿಗೆ ಲಾಡ್ಜ್ ನಡೆಸುವವರು, ಹೋಟೆಲಿನ ಅಡುಗೆಯವರು, ಮೀನು ಸಂಸ್ಕರಿಸುವ ಕಂಪನಿಗಳು, ಎಲ್ಲರೂ ಸೇರಿದರು. ದೋಣಿಯವರು ತಮಗೆ ತಾವೇ ಮತ ಹಾಕಿ ಹಿಡಿದ ಮೀನಿನ ಬೆಲೆಯ ಮೇಲೆ ಶೇ. 1 ಕಟ್ಟುತ್ತಾರೆ. ಆ ದುಡ್ಡಿನಲ್ಲಿ ಅವರ ಸಂಘ ಮೀನಿಗೆ ಮಾರುಕಟ್ಟೆಯನ್ನೂ ಹುಡುಕುತ್ತದೆ, ಗಣಿ ವಿರುದ್ಧ ಕೆಲಸವನ್ನೂ ಮಾಡಿತು. ಹಾಗೆ ಖರ್ಚು ಮಾಡಬಾರದು ಎಂದು ಕೇಸು ಬಿತ್ತು. ಕೋರ್ಟು ವಜಾ ಮಾಡಿತು.

ಅಡುಗೆಮನೆ_ಅಕ್ಕ (ನ್ಯೂಜೆರ್ಸಿ)
ವಿಷಯ ಬಿಟ್ಟು ಕೇಳುತ್ತೇನೆ, ಬೇಜಾರು ಬೇಡ. ಸಾಕೈ ತಂದು ನಮ್ಮ ಬಂಗುಡೆ ಸಾರಿನ ಹಾಗೆ ಕುದಿಸಿದೆ. ಒಣಗಿ ಹತ್ತಿ ಹಾಗಾಯಿತು. ಏನು ತಪ್ಪು?

ಕಡಲತಡಿ (ಮಲ್ಪೆ)
ಅಕ್ಕ, ಮಸಾಲೆ ಮೊದಲು ಚೆನ್ನಾಗಿ ಕುದಿಯಲಿ. ಹುಳಿ, ಖಾರ ಹೊಂದಿದ ಮೇಲೆ ಕೊನೆಗೆ ಮೀನು ಹಾಕಿ ಬೆಂಕಿ ಸಣ್ಣ ಮಾಡಿ. ಬಂಗುಡೆಯ ಮುಳ್ಳು, ಚರ್ಮ ಅದನ್ನು ಹಿಡಿದಿಡುತ್ತದೆ. ತುಂಡು ಮಾಡಿದ ದೊಡ್ಡ ಮೀನಿಗೆ ಅದಿಲ್ಲ.

ಮಳೆ_ಸಿಯಾಟಲ್
ಸಾಕೈಯಲ್ಲಿ ಕೊಬ್ಬು ಕಡಿಮೆ ಅಕ್ಕ, ಸಾಕಿದ ಸಾಲ್ಮನ್‌ನ ಹಾಗಲ್ಲ. ಐದು ನಿಮಿಷ ಸಾಕು. ನಾವು ಅರಿಶಿನ, ಮೆಣಸಿನಪುಡಿ, ಹುಳಿ ಹಚ್ಚಿ ಕಾವಲಿಯಲ್ಲಿ ಹುರಿಯುತ್ತೇವೆ.

ಅಡುಗೆಮನೆ_ಅಕ್ಕ (ನ್ಯೂಜೆರ್ಸಿ)
ಸಾಕಿದ್ದು ಎಂದಿರಿ. ಅಲಾಸ್ಕಾ ಸಾಲ್ಮನ್ ಎಂದು ಬರೆದಿದ್ದರೂ ಸಾಕಿದ್ದು ಇರಬಹುದಾ?

ಮಳೆ_ಸಿಯಾಟಲ್
ಇಲ್ಲ. ಅಲಾಸ್ಕಾದಲ್ಲಿ ಮೀನು ಸಾಕಣೆಗೆ 1990ರಿಂದ ನಿಷೇಧ ಇದೆ. ಸಾಕಿದ್ದು ಬರುವುದು ನಾರ್ವೆ, ಚಿಲಿ ಕಡೆಯಿಂದ. ಆ ಅಗ್ಗದ ಮೀನೂ ನಮ್ಮ ಪಕ್ಕದ ಮನೆಯವರಿಗೆ ಹೊಡೆತ. 2022ರಲ್ಲಿ ಒಂದು ಪೌಂಡ್ ಸಾಕೈಗೆ ಮೂಲ ಬೆಲೆ 1 ಡಾಲರ್ 15 ಸೆಂಟ್ ಸಿಕ್ಕಿತ್ತು. 2023ರಲ್ಲಿ 50 ಸೆಂಟ್. ಆ ವರ್ಷ ಅವರು ವಾಪಸ್ ಬಂದಾಗ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಲೆಕ್ಕಾಚಾರ
ಹಾಗಾದರೆ ಕೇಳುತ್ತೇನೆ. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುವ ಉದ್ಯಮವನ್ನು ನಂಬಿ ಅಷ್ಟು ದೊಡ್ಡ ಗಣಿ ಬಿಡಬೇಕಾ?

ಮಳೆ_ಸಿಯಾಟಲ್
ತಾಮ್ರದ ಬೆಲೆ ಏರಿಳಿಯುವುದಿಲ್ಲವಾ ಸರ್? ಬೆಲೆ ಬಿದ್ದರೆ ಮುಂದಿನ ವರ್ಷ ಮತ್ತೆ ಮೀನು ಬರುತ್ತದೆ. 2019ರ ಲೆಕ್ಕದಲ್ಲಿ ಬ್ರಿಸ್ಟಲ್ ಬೇ ಮೀನುಗಾರಿಕೆಯಿಂದ ಸುಮಾರು 200 ಕೋಟಿ ಡಾಲರ್ ವಹಿವಾಟು, 15,000 ಕೆಲಸ. ಅರ್ಜಿ ಹಾಕಿದ ಗಣಿಯ ಆಯಸ್ಸು 20 ವರ್ಷ.

ಕಾನೂನು_ಓದು (ಧಾರವಾಡ)
20 ವರ್ಷ ಎಂಬುದು ಕಾಗದದಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಒಂದು ವಿಡಿಯೋ ಹೊರಬಂತು. ಪರಿಸರ ತನಿಖಾ ಸಂಸ್ಥೆಯೊಂದರ ಜನ ಹೂಡಿಕೆದಾರರ ವೇಷದಲ್ಲಿ ಪೆಬಲ್ ಮುಖ್ಯಸ್ಥರ ಜೊತೆ ಮಾತಾಡಿ ರೆಕಾರ್ಡ್ ಮಾಡಿದ್ದರು. ಗಣಿ 20 ವರ್ಷಕ್ಕೆ ನಿಲ್ಲುವುದಿಲ್ಲ, ಎಷ್ಟೋ ಮುಂದಕ್ಕೆ ಹೋಗುತ್ತದೆ ಎಂಬ ಮಾತು ಅದರಲ್ಲಿತ್ತು. ಪೆಬಲ್ ಪಾರ್ಟ್‌ನರ್‌ಶಿಪ್ ಮುಖ್ಯಸ್ಥ ಟಾಮ್ ಕೋಲಿಯರ್ ಕೆಲವೇ ದಿನದಲ್ಲಿ ರಾಜೀನಾಮೆ ಕೊಟ್ಟರು.

ಸುದ್ದಿ_ಪ್ರಿಯ
ಕೊನೆಗೆ ಬೈಡನ್ ಬಂದು ಗಣಿ ನಿಲ್ಲಿಸಿದರು. ಟ್ರಂಪ್ ಇದ್ದಿದ್ದರೆ ಆಗಲೇ ತೋಡುತ್ತಿದ್ದರು.

ಕಾನೂನು_ಓದು (ಧಾರವಾಡ)
ಅಷ್ಟು ಸರಳ ಅಲ್ಲ. ಕ್ರಮವಾಗಿ ಹೇಳುತ್ತೇನೆ. 2010ರಲ್ಲಿ ಆರು ಬುಡಕಟ್ಟುಗಳು ಅಮೆರಿಕದ ಪರಿಸರ ಸಂಸ್ಥೆ ಇಪಿಎಗೆ ಅರ್ಜಿ ಕೊಟ್ಟವು. 2014ರಲ್ಲಿ ಇಪಿಎ ದೊಡ್ಡ ಅಧ್ಯಯನ ಮುಗಿಸಿ ಗಣಿಗೆ ಮಿತಿ ಹಾಕಲು ಹೊರಟಿತು. ಟ್ರಂಪ್ ಸರ್ಕಾರ 2019ರಲ್ಲಿ ಅದನ್ನು ಕೈಬಿಟ್ಟಿತು. ಇಲ್ಲಿಯವರೆಗೆ ನೀವು ಹೇಳಿದ್ದು ಸರಿ.

ಆದರೆ 2020ರ ನವೆಂಬರ್ 25ರಂದು ಗಣಿಗೆ ಪರ್ಮಿಟ್ ಕೊಡುವುದಿಲ್ಲ ಎಂದದ್ದು ಸೇನೆಯ ಇಂಜಿನಿಯರ್ ವಿಭಾಗ. ಆಗಲೂ ಟ್ರಂಪ್ ಅಧ್ಯಕ್ಷರು. ಅದಕ್ಕೆ ಮೂರು ತಿಂಗಳು ಮುಂಚೆ ಅವರ ಮಗನೇ ಈ ಗಣಿ ಬೇಡ ಎಂದು ಬಹಿರಂಗವಾಗಿ ಬರೆದಿದ್ದರು. ಬಾಸ್ ಪ್ರೋ ಶಾಪ್ಸ್ ಕಟ್ಟಿದ ಜಾನಿ ಮಾರಿಸ್ ಟೀವಿಯಲ್ಲಿ ಮಾತಾಡಿದ್ದರು. ಬೇಟೆ, ಗಾಳ ಪ್ರೀತಿಸುವ ರಿಪಬ್ಲಿಕನ್ ವ್ಯಾಪಾರಸ್ಥರ ಮಾತು ಅವರದೇ ಪಕ್ಷದಲ್ಲಿ ನಡೆಯಿತು.

ಬೈಡನ್ ಕಾಲದಲ್ಲಿ, 2023ರ ಜನವರಿ ಕೊನೆಗೆ, ಇಪಿಎ ಶುದ್ಧ ನೀರು ಕಾಯ್ದೆಯ 404(ಸಿ) ಕಲಂ ಬಳಸಿ ತಡೆ ಹಾಕಿತು. ಗಣಿ ಆದರೆ ಮೀನು ಬರುವುದು ದಾಖಲಾದ ಹಳ್ಳಗಳೇ ಸುಮಾರು 8.5 ಮೈಲಿ ನಾಶ, ಅವಕ್ಕೆ ನೀರೂಡಿಸುವ ಸಣ್ಣ ತೊರೆಗಳು ಇನ್ನೂ 91 ಮೈಲಿ, ಜೌಗು ನೆಲ 2,100 ಎಕರೆ ಎಂದು ಅದು ಬರೆಯಿತು. ಆ ಅಧಿಕಾರವನ್ನು 1972ರಿಂದ ಹದಿನಾಲ್ಕು ಸಲ ಮಾತ್ರ ಬಳಸಿದ್ದಾರೆ.

ಸುದ್ದಿ_ಪ್ರಿಯ
ತಿದ್ದಿದ್ದಕ್ಕೆ ಧನ್ಯವಾದ. ಈಗ ಶಾಶ್ವತವಾಗಿ ಮುಗಿಯಿತಾ?

ಕಾನೂನು_ಓದು (ಧಾರವಾಡ)
ಇಲ್ಲ. ಜಮೀನು ಅಲಾಸ್ಕಾ ರಾಜ್ಯದ್ದು, ರಾಜ್ಯ ಸರ್ಕಾರ ಗಣಿ ಪರ. ಅದು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಕೋರ್ಟು ಕೇಳಲು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ನಾರ್ದರ್ನ್ ಡೈನಾಸ್ಟಿ ಕೆಳ ಕೋರ್ಟಿನಲ್ಲಿ ಕೇಸು ಹಾಕಿತು. ಒಂದು ಸರ್ಕಾರ ಹಾಕಿದ ತಡೆಯನ್ನು ಇನ್ನೊಂದು ತೆಗೆಯಬಹುದು. ಅದಕ್ಕೇ ಅಲ್ಲಿಯವರು ಸಂಸತ್ತೇ ಕಾನೂನು ಮಾಡಲಿ ಎನ್ನುತ್ತಿದ್ದಾರೆ.

ಭದ್ರಾ_ತೀರ
ಓದುತ್ತಾ ಓದುತ್ತಾ ಕುದುರೆಮುಖ ಕಣ್ಣ ಮುಂದೆ ಬಂತು. ಅಪ್ಪ ಅಲ್ಲಿ ಕೆಲಸದಲ್ಲಿದ್ದರು. ನಾನು ಅಲ್ಲಿಯ ಶಾಲೆಯಲ್ಲೇ ಓದಿದವಳು. ಮಳೆ, ಮಂಜು, ಲಕ್ಯಾ ಅಣೆಕಟ್ಟು. ಅಣೆಕಟ್ಟು ಎಂದೇ ಕರೆಯುತ್ತಿದ್ದೆವು, ಅದು ಗಣಿಯ ಹೂಳು ನಿಲ್ಲಿಸುವ ಕಟ್ಟೆ ಎಂದು ದೊಡ್ಡವಳಾದ ಮೇಲೆ ಗೊತ್ತಾಯಿತು. ಭದ್ರೆಯ ಮೂಲದ ಕಾಡಿನಲ್ಲೇ ಗಣಿ. ಕೆ.ಎಂ. ಚಿಣ್ಣಪ್ಪನವರು ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಊರು ಖಾಲಿಯಾದ ದಿನ ನೆನಪಿದೆ. ಗೆಳತಿಯರು ಒಬ್ಬೊಬ್ಬರೇ ಲಾರಿಯ ಹಿಂದೆ ಸಾಮಾನಿನ ಜೊತೆ ಹೋದರು. ನನಗೆ ಆ ಕಾಡು ಉಳಿದದ್ದು ಸಂತೋಷ, ಆ ಊರು ಹೋದದ್ದು ಸಂಕಟ. ಎರಡೂ ನಿಜ. ಗಣಿ ಇಂಜಿನಿಯರ್ ಸರ್ ಹೇಳಿದ ಇಲಿಯಮ್ನಾದ ಹಳ್ಳಿಯವರ ಬಗ್ಗೆ ಯಾರೂ ಉತ್ತರಿಸಲಿಲ್ಲ. ಕೆಲಸ ಬೇಕು ಎನ್ನುವವರನ್ನು ಕೆಟ್ಟವರು ಎನ್ನಬೇಡಿ.

ಗಣಿ_ಇಂಜಿನಿಯರ್ (ಸಂಡೂರು)
ಮೇಡಂ, ಇದನ್ನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ಮಳೆ_ಸಿಯಾಟಲ್
ಸರಿಯಾದ ಮಾತು. ನಾನು ಉತ್ತರಿಸದೆ ಬಿಟ್ಟದ್ದು ತಪ್ಪು.

ಅಲ್ಲಿ ಯುಪಿಕ್, ಡೆನೈನಾ, ಅಲೂಟಿಕ್ ಜನ ಸಾವಿರಾರು ವರ್ಷದಿಂದ ಇದ್ದಾರೆ. 1971ರ ಕಾನೂನಿನಿಂದ ಅಲಾಸ್ಕಾದ ಮೂಲನಿವಾಸಿಗಳಿಗೆ ಕಂಪನಿಗಳು ಆದವು. ಜನರೇ ಷೇರುದಾರರು. ಹಳ್ಳಿಗೊಂದು ಕಂಪನಿ, ಸೀಮೆಗೊಂದು ದೊಡ್ಡ ಕಂಪನಿ. ಬ್ರಿಸ್ಟಲ್ ಬೇ ನೇಟಿವ್ ಕಾರ್ಪೊರೇಷನ್ ಆ ದೊಡ್ಡದು. 10,000ಕ್ಕೂ ಹೆಚ್ಚು ಷೇರುದಾರರು. ಅದಕ್ಕೆ ತೈಲ, ಕಟ್ಟಡ, ಬೇರೆ ಬೇರೆ ವ್ಯಾಪಾರ ಇದೆ, ಗಣಿ ಎಂದರೇ ಆಗದವರಲ್ಲ. ಅವರು 2009ರಿಂದ ಪೆಬಲ್ ಬೇಡ ಎಂದಿದ್ದಾರೆ.

ಪೆಡ್ರೋ ಬೇ ಎಂಬ ಪುಟ್ಟ ಹಳ್ಳಿ ಇಲಿಯಮ್ನಾ ಸರೋವರದ ದಡದಲ್ಲಿದೆ. ಅದಿರು ಸಾಗಿಸುವ ರಸ್ತೆ ಅವರ ಜಮೀನಿನ ಮೇಲೆ ಹೋಗಬೇಕಿತ್ತು. ಆ ಹಳ್ಳಿಯ ಕಂಪನಿ 44,000 ಎಕರೆಗೆ ಎಂದೂ ಇಂಥ ಕೆಲಸ ಆಗದಂತೆ ಕರಾರು ಬರೆಯಿತು. 2022ರ ಕೊನೆಗೆ ಪರಿಸರ ಸಂರಕ್ಷಣಾ ಸಂಸ್ಥೆಯೊಂದು ಸುಮಾರು 2 ಕೋಟಿ ಡಾಲರ್ ಸಂಗ್ರಹಿಸಿ ಅವರಿಗೆ ಕೊಟ್ಟಿತು. ದುಡ್ಡೂ ಬಂತು, ನೆಲವೂ ಅವರದೇ ಉಳಿಯಿತು. ಕೆಲಸದ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ. ಬೇಡ ಎಂದವರಿಗೂ ಏನಾದರೂ ಸಿಗಬೇಕು ಎಂಬುದಕ್ಕೆ ಒಂದು ದಾರಿ ಅಷ್ಟೇ.

ಭದ್ರಾ_ತೀರ
ನಮ್ಮಲ್ಲಿ ಗಣಿ ನಿಂತಾಗ ಹೀಗೆ ಯಾರಾದರೂ ಕೂತು ಯೋಚಿಸಿದ್ದರೆ ಚೆನ್ನಾಗಿತ್ತು.

ವೇದಿಕೆ ನಿರ್ವಾಹಕರು
ಕುದುರೆಮುಖದ ಬಗ್ಗೆ ಬರೆಯುವುದು ತುಂಬ ಇದೆ ಎಂದು ಕಾಣುತ್ತದೆ. ದಯವಿಟ್ಟು ಅದಕ್ಕೊಂದು ಹೊಸ ಎಳೆ ಶುರುಮಾಡಿ, ಎಲ್ಲರೂ ಬರೆಯುತ್ತೇವೆ. ಸಾಲ್ಮನ್ ಸಾರಿಗೂ ಬೇರೆ ಎಳೆ ಇರಲಿ.

ಶರಾವತಿ_ಪಾತ್ರ
ಅಲಾಸ್ಕಾದ ಸಾಮಾನ್ಯ ಜನ ಏನೆನ್ನುತ್ತಾರೆ? ವೋಟಿಗೆ ಹಾಕಿದ್ದರಾ?

ಕಾನೂನು_ಓದು (ಧಾರವಾಡ)
ಎರಡು ಸಲ. 2008ರಲ್ಲಿ ಗಣಿಗಳ ನೀರಿನ ನಿಯಮ ಬಿಗಿ ಮಾಡುವ ಪ್ರಸ್ತಾಪ ಸೋತಿತು. 2014ರಲ್ಲಿ, ಬ್ರಿಸ್ಟಲ್ ಬೇ ಮೀನು ಮೀಸಲು ಪ್ರದೇಶದಲ್ಲಿ ಇಂಥ ದೊಡ್ಡ ಗಣಿ ಬೇಕಾದರೆ ಶಾಸನಸಭೆಯೇ ಒಪ್ಪಬೇಕು ಎಂಬುದು ಗೆದ್ದಿತು. ಸುಮಾರು ಮೂರರಲ್ಲಿ ಎರಡು ಪಾಲು ಜನ ಹೌದು ಎಂದರು. ತೈಲ, ಗಣಿಯಿಂದ ಬದುಕುವ ರಾಜ್ಯ ಅದು, ನೆನಪಿರಲಿ.

ಕಡಲತಡಿ (ಮಲ್ಪೆ)
ಆ ಶೇ. 1ರ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ನಿನ್ನೆ ದಕ್ಕೆಯಲ್ಲಿ ನಾಲ್ಕು ಜನರಿಗೆ ಹೇಳಿದೆ. ಇಬ್ಬರು ನಮಗೆ ಆಗುವ ಮಾತಲ್ಲ ಎಂದರು. ಒಬ್ಬರು ಲೆಕ್ಕ ಯಾರು ಇಡುತ್ತಾರೆ ಎಂದು ಕೇಳಿದರು. ಒಬ್ಬರು ಸುಮ್ಮನೆ ಕೇಳಿಸಿಕೊಂಡರು, ಆಮೇಲೆ ರಾತ್ರಿ ಫೋನ್ ಮಾಡಿ ಇನ್ನೊಮ್ಮೆ ಹೇಳು ಎಂದರು.

ಮಳೆ_ಸಿಯಾಟಲ್
ಅಣ್ಣ, ಅವರ ಸಂಘದ ನಿಯಮಗಳನ್ನು ಪಕ್ಕದ ಮನೆಯವರ ಹತ್ತಿರ ಕೇಳಿ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಈ ಶನಿವಾರ ಅವರು ನಾಕ್‌ನೆಕ್‌ಗೆ ಹೊರಡುತ್ತಾರೆ, ಅದಕ್ಕೆ ಮುಂಚೆ.

ಒರೆಗಲ್ಲು (ಬೆಂಗಳೂರು)
ನಾನೂ ಒಂದು ಕೆಲಸ ಮಾಡಿದೆ. ನಮಗೆ ಗಟ್ಟಿ ಕೊಡುವ ವ್ಯಾಪಾರಿಯ ಹತ್ತಿರ ಇವತ್ತು ಬೆಳಿಗ್ಗೆ ಕೇಳಿದೆ, ಈ ಚಿನ್ನ ಯಾವ ಗಣಿಯದು ಎಂದು. 30 ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅವರು ಗಟ್ಟಿ ತಿರುಗಿಸಿ ತೋರಿಸಿದರು. ಶುದ್ಧ ಮಾಡಿದ ಕಂಪನಿಯ ಮುದ್ರೆ, ತೂಕ, ನಂಬರ್. ಅಷ್ಟೇ ಇತ್ತು. ಇನ್ನೊಮ್ಮೆ ಕೇಳಿದೆ. ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದರು.

ಕಾಫಿ_ಘಮ (ಹಾಸನ)
ಸರ್, ಅವರು ಏನು ಹೇಳಿದರು ಎಂದು ಇಲ್ಲೇ ಬರೆಯಿರಿ. ನಾವು ಮನೆಯಲ್ಲಿ ಮಾತಾಡಿದೆವು. ಅಜ್ಜಿಯ ಕಾಸಿನ ಸರ ಒಂದು ಪೆಟ್ಟಿಗೆಯಲ್ಲೇ ಇದೆ. ತಂಗಿಗೆ ಅದನ್ನೇ ಕರಗಿಸಿ ಹೊಸದು ಮಾಡಿಸೋಣ ಎಂದು ಅಮ್ಮ ಒಪ್ಪಿದ್ದಾರೆ. ನೀವೇ ಮಾಡಿಕೊಡುತ್ತೀರಾ?

ಒರೆಗಲ್ಲು (ಬೆಂಗಳೂರು)
ತನ್ನಿ ತಾಯಿ. ಕರಗಿಸುವಾಗ ನಿಮ್ಮ ಅಮ್ಮನೂ ಬರಲಿ, ಕಣ್ಣೆದುರೇ ಮಾಡುತ್ತೇನೆ.